ರಿನ್ಸ್ ಅಂದರೆ ಬರೀ ತೊಳೆಯೋದಲ್ಲ

ಕೆಮಿಸ್ಟ್ರಿ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ‘ವಾಶ್’ ಬೇರೆ, ‘ರಿನ್ಸ್’ ಬೇರೆ. ಎರಡಕ್ಕೂ ‘ತೊಳೆ’ ಅಂತ ಅರ್ಥ ಬರೆದುಕೊಂಡರೆ ರೀಡಿಂಗ್ ಕೈ ಕೊಡ್ತದೆ.

ಸಾಸ್ತಾನದ ಬಾವಿಕಟ್ಟೆಯನ್ನೇ ನೋಡುವ. ಬಟ್ಟೆಗೆ ಸೋಪು ಹಾಕಿ, ಉಜ್ಜಿ, ಕಲ್ಲಿಗೆ ಬಡಿದು ಕೊಳೆ ಬಿಡಿಸ್ತೇವೆ. ಆಮೇಲೆ ಸೋಪು ಹೋಗುವವರೆಗೆ ಒಳ್ಳೆ ನೀರಲ್ಲಿ ಅದ್ದಿ ಹಿಂಡ್ತೇವೆ. ಇಡೀ ಕೆಲಸಕ್ಕೆ ವಾಶ್ ಅನ್ನಬಹುದು, ಆ ಕೊನೆಯದಕ್ಕೆ ಮಾತ್ರ ರಿನ್ಸ್. ಅದರಲ್ಲಿ ಉಜ್ಜೋದಿಲ್ಲ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇಲ್ಲ. ಬಾಯಿಯಾದ್ರೆ ಮುಕ್ಕಳಿಸ್ತೇವೆ. ಪಾತ್ರೆಯನ್ನು ಘಟ್ಟದ ಮೇಲಿನ ಗೆಳೆಯರು ‘ಗಲಬರಿಸು’ ಅಂತಾರೆ, ಬಟ್ಟೆಯನ್ನು ‘ಜಾಲಾಡು’. (ಇಂಟರ್ನೆಟ್ ಜಾಲಾಡೋದೂ ಇದೇ ಪದ!) ನಮಗೆ ಗಲಬರಿಸು ಬಹಳ ಇಷ್ಟ: ಸ್ವಲ್ಪ ನೀರು ಹಾಕಿ, ಕುಲುಕಿ, ಚೆಲ್ಲು. ಬ್ಯುರೆಟ್‌ಗೆ ಬೇಕಾದ್ದೂ ಅದೇ.

ಇಂಗ್ಲಿಷಿನಲ್ಲಿ ರಿನ್ಸ್ ಜೊತೆ ‘ವಿತ್’ ಬಂದರೆ ನಿಲ್ಲಿ. ಯಾವುದರಿಂದ ಅನ್ನೋದು ಅಲ್ಲಿದೆ. ನೀರಿನ ಗಡಸುತನ ಅಳೆಯುವಾಗ ಬ್ಯುರೆಟ್ಟನ್ನು ನೀರಲ್ಲಿ ತೊಳೆದ ಮೇಲೆ ಇಡಿಟಿಎ ದ್ರಾವಣದಿಂದಲೇ ರಿನ್ಸ್ ಮಾಡಬೇಕು. ಇಲ್ಲದಿದ್ರೆ ಒಳಗೆ ಉಳಿದ ನೀರು ದ್ರಾವಣವನ್ನು ತೆಳು ಮಾಡ್ತದೆ. 50 ಮಿ.ಲೀ. ಬ್ಯುರೆಟ್‌ನಲ್ಲಿ 1 ಮಿ.ಲೀ. ನೀರು ಉಳಿದಿದೆ ಅಂತಿಟ್ಟುಕೊಳ್ಳಿ: 20 ಬರಬೇಕಾದ ರೀಡಿಂಗ್ 20.4 ಆಗ್ತದೆ. ಮೃದು ನೀರಿಗೂ ಗಡಸು ಅಂತ ಹೆಸರು.

ಪಿಪೆಟ್ಟನ್ನು ಸ್ಯಾಂಪಲ್ ನೀರಿನಿಂದ ರಿನ್ಸ್ ಮಾಡಬೇಕು. ಕೋನಿಕಲ್ ಫ್ಲಾಸ್ಕ್ ಮಾತ್ರ ಉಲ್ಟಾ: ಡಿಸ್ಟಿಲ್ಡ್ ನೀರು ಸಾಕು, ಸ್ಯಾಂಪಲ್ ಬೇಡ. ಯಾಕಂದ್ರೆ ಪಿಪೆಟ್‌ನಲ್ಲಿ ಅಳೆದು ಹಾಕಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಸ್ಯಾಂಪಲ್ ಅಲ್ಲಿರಬಾರದು. ಡಿಸ್ಟಿಲ್ಡ್ ನೀರು ಎಷ್ಟಿದ್ರೂ ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಲೆಕ್ಕ ಕೆಡೋದಿಲ್ಲ. ವೈವಾದಲ್ಲಿ ಕೇಳೋದು ಇದನ್ನೇ.

ಊರಿಂದ ಬಾವಿ ನೀರು ತರುವವರು ಬಾಟಲಿಯನ್ನು ಅದೇ ಬಾವಿ ನೀರಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರು ಕೊಟ್ಟ ಸ್ಟೆರೈಲ್ ಬಾಟಲಿಯಾದ್ರೆ ಹಾಗೆ ಮಾಡಬೇಡಿ, ನೇರ ತುಂಬಿಸಿ ಮುಚ್ಚಳ ಹಾಕಿ.