ಹಿಮದಡಿಯ ಮಣ್ಣು ಹೇಳಿದ ಕಥೆ



ಫ್ರೀಜರ್‌ನಲ್ಲಿ ಇಟ್ಟು ಮರೆತ ಡಬ್ಬಿ ಎಷ್ಟೋ ದಿನದ ಮೇಲೆ ಕೈಗೆ ಸಿಗುತ್ತದೆ, ಅಲ್ವಾ? ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2017ರಲ್ಲಿ ವಿಜ್ಞಾನಿಗಳಿಗೂ ಹೀಗೇ ಆಯಿತು. ಅವರಿಗೆ ಸಿಕ್ಕಿದ್ದು ಹೆಪ್ಪುಗಟ್ಟಿದ ಮಣ್ಣು!

ಎಲ್ಲಿಯ ಮಣ್ಣು ಅದು?

ಗ್ರೀನ್‌ಲ್ಯಾಂಡ್ ಪ್ರಪಂಚದ ಅತಿ ದೊಡ್ಡ ದ್ವೀಪ. ಅದರ ಬಹುಭಾಗವನ್ನು ದಪ್ಪನೆಯ ಹಿಮಹಾಸು ಮುಚ್ಚಿದೆ. ಅಲ್ಲಿ ಅಮೆರಿಕದ ಸೈನ್ಯ ಹಿಮದೊಳಗೇ ‘ಕ್ಯಾಂಪ್ ಸೆಂಚುರಿ’ ಎಂಬ ನೆಲೆ ಕಟ್ಟಿತ್ತು. 1966ರಲ್ಲಿ ಅಲ್ಲಿ ಸುಮಾರು 1,390 ಮೀಟರ್ ಆಳದವರೆಗೆ ಹಿಮ ಕೊರೆದು, ಅದರಡಿಯ ಮಣ್ಣನ್ನೂ ಹೊರತೆಗೆದರು. ಹಿಮವನ್ನು ಬಹಳ ಜನ ಅಧ್ಯಯನ ಮಾಡಿದರು. ಮಣ್ಣು ಮಾತ್ರ ಫ್ರೀಜರ್‌ನಿಂದ ಫ್ರೀಜರ್‌ಗೆ ಹೋಗಿ ಮರೆತೇ ಹೋಯಿತು.

ಮಣ್ಣಿನಲ್ಲಿ ಏನಿತ್ತು?

ಸಿಕ್ಕ ಮಣ್ಣನ್ನು ತೊಳೆದು ನೋಡಿದಾಗ ಕಂಡದ್ದು ಪುಟ್ಟ ಕಡ್ಡಿ, ಎಲೆಚೂರು, ಪಾಚಿ! ಯೋಚಿಸಿ ನೋಡಿ. ಗಿಡಕ್ಕೆ ಬಿಸಿಲು ಬೇಕು. ಒಂದು ಕಿಲೋಮೀಟರಿಗೂ ದಪ್ಪನೆಯ ಹಿಮದಡಿ ಗಿಡ ಬೆಳೆಯುತ್ತದೆಯೇ? ಇಲ್ಲ. ಅಂದರೆ ಒಂದು ಕಾಲದಲ್ಲಿ ಅಲ್ಲಿ ಹಿಮವೇ ಇರಲಿಲ್ಲ.

ಯಾವಾಗ?

ಇದನ್ನು ಹೇಳಿದ್ದು ಮರಳು. ಹೂತುಹೋದ ಮರಳಿನ ಕಣದಲ್ಲಿ, ಸುತ್ತಲಿನ ಮಣ್ಣಿನ ಸಹಜ ವಿಕಿರಣದಿಂದ, ಶಕ್ತಿ ಸ್ವಲ್ಪಸ್ವಲ್ಪವೇ ತುಂಬುತ್ತದೆ. ಫೋನ್ ಚಾರ್ಜ್ ಆದ ಹಾಗೆ. ಬಿಸಿಲು ಬಿದ್ದರೆ ಅದು ಖಾಲಿ. ಎಷ್ಟು ತುಂಬಿದೆ ಎಂದು ಅಳೆದರೆ, ಆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. 2023ರಲ್ಲಿ ಪ್ರಕಟವಾದ ಉತ್ತರ: ಸುಮಾರು 4 ಲಕ್ಷ ವರ್ಷಗಳ ಹಿಂದೆ.

ನಮಗೇಕೆ ಈ ವಿಷಯ?

ಆಗ ಭೂಮಿ ಸಹಜವಾಗಿಯೇ ಸಾವಿರಾರು ವರ್ಷ ಬೆಚ್ಚಗಿತ್ತು. ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ 420ಕ್ಕೂ ಹೆಚ್ಚು! ಹಿಮಹಾಸು ಒಂದೆರಡು ವರ್ಷದಲ್ಲಿ ಕರಗುವುದಿಲ್ಲ, ನಿಜ. ಆದರೆ ಅದು ಶಾಶ್ವತವೂ ಅಲ್ಲ ಎಂದು ಆ ಪಾಚಿ ಹೇಳುತ್ತಿದೆ. ಗ್ರೀನ್‌ಲ್ಯಾಂಡಿನ ಹಿಮ ಪೂರ್ತಿ ಕರಗಿದರೆ ಪ್ರಪಂಚದ ಸಮುದ್ರಮಟ್ಟ ಸರಾಸರಿ 7 ಮೀಟರಿನಷ್ಟು ಏರುತ್ತದೆ. ಕಡಲುಗಳೆಲ್ಲ ಒಂದಕ್ಕೊಂದು ಸೇರಿವೆ. ರಜೆಗೆ ಊರಿಗೆ ಹೋದಾಗ ನೀವು ಆಡುವ ಮಲ್ಪೆ, ಕಾರವಾರದ ಕಡಲೂ ಅದರಲ್ಲಿ ಸೇರಿದೆ. ಎಷ್ಟು ಹಿಮ ಉಳಿಯಬೇಕು ಎಂಬುದು ನಾವು ಗಾಳಿಗೆ ಎಷ್ಟು ಹೊಗೆ ಬಿಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಅಪ್ಪ ಅಮ್ಮನ ಜೊತೆ ಮಾಡಿ ನೋಡಿ

1. ಎರಡು ಗಾಜಿನ ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ನೀರು ಹಾಕಿ, ಐಸ್ ತುಂಡುಗಳನ್ನು ತೇಲಿಬಿಡಿ.
2. ಇನ್ನೊಂದರಲ್ಲಿ ನೀರಿನಿಂದ ಮೇಲೆ ಕಾಣುವಂಥ ಕಲ್ಲಿಟ್ಟು, ಅದರ ಮೇಲೆ ಅಷ್ಟೇ ಐಸ್ ಇಡಿ.
3. ನೀರಿನ ಮಟ್ಟವನ್ನು ಪೆನ್ನಿನಿಂದ ಗುರುತು ಮಾಡಿ, ಐಸ್ ಕರಗುವವರೆಗೆ ಕಾಯಿರಿ.

ಯಾವ ಬಟ್ಟಲಿನಲ್ಲಿ ನೀರು ಏರಿತು? ಗ್ರೀನ್‌ಲ್ಯಾಂಡಿನ ಹಿಮ ಯಾವ ಬಟ್ಟಲಿನ ಹಾಗಿದೆ? ಉತ್ತರವನ್ನು ಕನ್ನಡದಲ್ಲಿ ಮೂರು ವಾಕ್ಯ ಬರೆದು ತರಗತಿಗೆ ತನ್ನಿ.

ಹೊಸ ಪದಗಳು

ಹಿಮಹಾಸು – ನೆಲದ ಮೇಲೆ ಹಾಸಿದಂತೆ ಬಹುದೂರ ಹರಡಿರುವ ದಪ್ಪ ಮಂಜುಗಡ್ಡೆ
ಸಮುದ್ರಮಟ್ಟ – ಕಡಲಿನ ನೀರು ನಿಲ್ಲುವ ಎತ್ತರ
ಶಾಶ್ವತ – ಎಂದೆಂದಿಗೂ ಉಳಿಯುವಂಥದ್ದು