ಕುಡುಗೋಲು-ಕಣ ರೋಗವುಳ್ಳವರ ಬಾಯಿಯ ಆರೈಕೆ

ಸಭೆಯಲ್ಲಿ ಓದತಕ್ಕ ಭಾಗ: ಯೋಹಾನ 9ನೇ ಅಧ್ಯಾಯ, 1ರಿಂದ 7ನೇ ವಚನಗಳು.



ಹುಟ್ಟುಕುರುಡನೊಬ್ಬನನ್ನು ಕಂಡಾಗ ಶಿಷ್ಯರು ಮೊದಲು ವಿಚಾರಿಸಿದ್ದು ಅವನ ಕಷ್ಟವನ್ನಲ್ಲ, ಪಾಪ ಮಾಡಿದವರು ಯಾರೆಂಬುದನ್ನೇ. ಕರ್ತನಾದರೋ ಆ ತಪ್ಪನ್ನು ಅವನ ಮೇಲೂ ಹೊರಿಸಲಿಲ್ಲ, ಅವನ ತಂದೆತಾಯಿಗಳ ಮೇಲೂ ಹೊರಿಸಲಿಲ್ಲ. ಅವನಿಗೆ ಮಾಡತಕ್ಕ ಉಪಕಾರವನ್ನು ಮಾಡಿದನು. ಹುಟ್ಟಿನೊಡನೆ ಬರುವ ಬೇರೊಂದು ರೋಗದ ವಿಷಯದಲ್ಲಿ ನಮ್ಮ ಜನರಲ್ಲಿಯೂ ಇದೇ ಪ್ರಶ್ನೆ ಏಳುವುದುಂಟು. ಆದದರಿಂದ ಈ ಪಾಠದಲ್ಲಿ ಆ ರೋಗವನ್ನೂ, ಅದುಳ್ಳವರ ಬಾಯಿ ಹಲ್ಲುಗಳನ್ನು ಕಾಯುವ ರೀತಿಯನ್ನೂ ಕಲಿಯೋಣ.

1. ರೋಗವು ಎಂಥದು?

ರಕ್ತದ ಕೆಂಪು ಕಣಗಳು ದುಂಡಗೂ ಮೆತ್ತಗೂ ಇದ್ದು, ಕೂದಲಿಗಿಂತ ಸಣ್ಣದಾದ ನಾಳಗಳಲ್ಲಿಯೂ ನುಸುಳಿಹೋಗುವವು. ಈ ರೋಗವುಳ್ಳವರಲ್ಲಿ ಪ್ರಾಣವಾಯು ಕಡಿಮೆಯಾದಾಗ ಆ ಕಣಗಳು ಬಿರುಸಾಗಿ, ರಾಗಿ ಕೊಯ್ಯುವ ಕುಡುಗೋಲಿನಂತೆ ಬಾಗುವವು. ಸಣ್ಣ ನಾಳಗಳನ್ನು ಕಟ್ಟುವವು. ರಕ್ತ ಹರಿಯದ ಕಡೆಯಲ್ಲಿ ಕಡುನೋವು ಉಂಟಾಗುವುದು. ಇಂಥ ಕಣಗಳು ಬೇಗನೆ ನಾಶವಾಗುವುದರಿಂದ ರಕ್ತವೂ ಕಡಿಮೆಯಾಗುವುದು. ವೈದ್ಯರು ಇದನ್ನು ಸಿಕಲ್ ಸೆಲ್ ರೋಗವೆನ್ನುವರು.

ಇದು ಅಂಟುರೋಗವಲ್ಲ, ಮಾಟವಲ್ಲ, ಶಾಪವೂ ಅಲ್ಲ. ತಂದೆತಾಯಿಗಳಿಬ್ಬರೂ ಈ ದೋಷದ ಒಂದೊಂದು ಅಂಶವನ್ನು ಹೊತ್ತವರಾಗಿದ್ದರೆ, ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ಹೀಗಿರಲಾಗಿ ತಾಯಿಯೊಬ್ಬಳನ್ನೇ ದೂರುವುದು ಅನ್ಯಾಯ ಮಾತ್ರವಲ್ಲ, ಸುಳ್ಳೂ ಆಗಿದೆ.

1952ನೇ ಇಸವಿಯಲ್ಲಿ ನೀಲಗಿರಿ ಬೆಟ್ಟದ ಮೂಲನಿವಾಸಿಗಳ ರಕ್ತದಲ್ಲಿ ವೈದ್ಯರು ಇದನ್ನು ಕಂಡುಹಿಡಿದರು. ನಮ್ಮ ರಾಜ್ಯದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಸೋಲಿಗರು, ಜೇನುಕುರುಬರು, ಯರವರು ಮುಂತಾದವರಲ್ಲಿ ಇದು ಇರುತ್ತದೆ. ಕೂಲಿಗೂ ಓದಿಗೂ ಜನರು ಊರು ಬಿಟ್ಟು ಊರಿಗೆ ಬರುವ ಈ ಕಾಲದಲ್ಲಿ, ಅಲ್ಲಾಳಸಂದ್ರ, ಯಲಹಂಕಗಳಲ್ಲಿರುವ ನಾವು ಇದು ದೂರದ ಬೆಟ್ಟದವರ ರೋಗವೆಂದು ಸುಮ್ಮನಿರಬಾರದು. ಭಾರತ ಸರಕಾರವು 2023ನೇ ಜುಲೈ 1ರಂದು ಇದರ ನಿರ್ಮೂಲನಕ್ಕೆ ಒಂದು ಕಾರ್ಯಕ್ರಮವನ್ನು ಆರಂಭಿಸಿ, 40 ವರುಷದವರೆಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸಲು ಗೊತ್ತುಮಾಡಿತು. ಮದುವೆಯ ಮಾತಿಗೆ ಮುಂಚೆ ಈ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ.

2. ಬಾಯಿಗೂ ಇದಕ್ಕೂ ಏನು ಸಂಬಂಧ?

ಮೊದಲನೆಯದು, ಹಲ್ಲಿನೊಳಗೂ ಸಣ್ಣ ರಕ್ತನಾಳಗಳುಂಟು. ಅವು ಕಟ್ಟಿದರೆ ಹುಳುಕಿಲ್ಲದ ಹಲ್ಲೂ ನೋಯುವುದು, ಕೆಲವು ವೇಳೆ ಒಳಗೆ ಸಾಯುವುದು. ಆದಕಾರಣ ಮಗುವು ನೋವೆಂದು ಅತ್ತಾಗ, ಹಲ್ಲು ಚೆನ್ನಾಗಿದೆಯಲ್ಲಾ ಎಂದು ಗದರಿಸಬೇಡಿರಿ. ಎರಡನೆಯದು, ದವಡೆಯ ಎಲುಬಿನಲ್ಲಿ ನೋವು ಕಾಣಬಹುದು. ಕೆಳತುಟಿ, ಗದ್ದ ಜೋಮು ಹಿಡಿಯಬಹುದು. ಮೂರನೆಯದು, ಬಹು ಮುಖ್ಯವಾದದ್ದು: ಹುಳುಕು ಹಲ್ಲಿನ ಕೀವೂ ಒಸಡಿನ ಬಾವೂ ಇಡೀ ದೇಹದಲ್ಲಿ ಕಡುನೋವನ್ನು ಎಬ್ಬಿಸಬಲ್ಲವು. ಇತರರಿಗೆ ಒಂದು ಹಲ್ಲಿನ ಕಷ್ಟವಾಗಿರುವುದು ಇವರಿಗೆ ಪ್ರಾಣದ ಕಷ್ಟವಾಗಬಹುದು.

3. ಮಾಡತಕ್ಕದ್ದೇನು?

ದಿನಕ್ಕೆ ಎರಡು ಸಾರಿ, ಮುಖ್ಯವಾಗಿ ರಾತ್ರಿ ಮಲಗುವ ಮುಂಚೆ, ಮೆತ್ತನೆಯ ಬ್ರಷ್ಷಿನಿಂದಲೂ ಫ್ಲೋರೈಡ್ ಇರುವ ಪೇಸ್ಟಿನಿಂದಲೂ ಹಲ್ಲುಜ್ಜಬೇಕು. ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲನ್ನು ಸವೆಸುವವು. ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿಗಳು ಮನೆಗೇ ಬೇಡ. ಮಗುವಿಗೆ ಸಿಹಿಯಾದ ಔಷಧ ಕುಡಿಸಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿಸಿರಿ.

ನೀರು ಧಾರಾಳವಾಗಿ ಕುಡಿಯಬೇಕು. ದೇಹದಲ್ಲಿ ನೀರು ಕಡಿಮೆಯಾದರೆ ಕಣಗಳು ಬಾಗುವವು, ಬಾಯಿ ಒಣಗಿದರೆ ಹಲ್ಲು ಹುಳುಕುವುದು. ಇಲ್ಲಿ ಸಭೆಯ ಹಿರಿಯರಿಗೆ ಒಂದು ಮಾತು. ಉಪವಾಸ ಪ್ರಾರ್ಥನೆಯ ದಿನ ಈ ರೋಗವುಳ್ಳವರನ್ನು ನೀರಿಲ್ಲದೆ ಕೂಡ್ರಿಸಬೇಡಿರಿ. ಚಳಿಯಲ್ಲಿ ಇರುಳೆಲ್ಲಾ ಜಾಗರಣೆ ಮಾಡಿಸಬೇಡಿರಿ. ನೀರು ಕುಡಿದವನ ನಂಬಿಕೆ ಕಡಿಮೆಯೆಂದು ಯಾರೂ ಎಣಿಸಬಾರದು. ದೇವರು ಹೃದಯವನ್ನು ನೋಡುವಾತನು.

ನೋವಿಲ್ಲದ ದಿನಗಳಲ್ಲಿಯೇ ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿರಿ. ರೋಗದ ಹೆಸರನ್ನೂ, ತೆಗೆದುಕೊಳ್ಳುವ ಮಾತ್ರೆಗಳನ್ನೂ ಮೊದಲೇ ತಿಳಿಸಿರಿ. ನಾಚಿಕೆಯಿಂದ ಮರೆಮಾಡಿದರೆ ಅಪಾಯ. ಹಲ್ಲು ಕೀಳಬೇಕಾದರೆ ರೋಗಕ್ಕೆ ಔಷಧ ಕೊಡುವ ವೈದ್ಯರನ್ನೂ ಕೇಳಬೇಕು. ಸಂತೆಯಲ್ಲಿ ಕೂತು ಹಲ್ಲು ಕೀಳುವವರ ಬಳಿಗೆ ಹೋಗಲೇಬೇಡಿರಿ. ಬೆಂಗಳೂರಿನಲ್ಲಿ ವಿಕ್ಟೋರಿಯ ಆಸ್ಪತ್ರೆಯ ಬಳಿ ಸರಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಜ್ವರ, ಮುಖದ ಬಾವು, ಎದೆನೋವು, ಉಸಿರಾಟದ ಕಷ್ಟ ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲಿ ಪ್ರಾರ್ಥನೆಮಾಡಿರಿ, ಪ್ರಾರ್ಥನೆಗಾಗಿ ದಾರಿಯನ್ನು ತಡಮಾಡಬೇಡಿರಿ.

4. ನಿರುತ್ಸಾಹ ಬೇಡ

ಗ್ರೆನೇಡ ಎಂಬ ದ್ವೀಪದಿಂದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಯೌವನಸ್ಥನು 1904ರಲ್ಲಿ ಅಮೇರಿಕದ ಷಿಕಾಗೋ ಪಟ್ಟಣಕ್ಕೆ ಹೋದನು. ಅವನ ರಕ್ತದಲ್ಲಿ ಬಾಗಿದ ಕಣಗಳನ್ನು ಕಂಡು ವೈದ್ಯರಾದ ಜೇಮ್ಸ್ ಹೆರಿಕ್ಕರು 1910ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆ ಯೌವನಸ್ಥನು ಅಲ್ಲಿ ಕಲಿಯುತ್ತಿದ್ದ ವಿದ್ಯೆ ಯಾವುದು? ದಂತವೈದ್ಯವೇ. ಅವನು ಆಗಾಗ್ಗೆ ಹಾಸಿಗೆ ಹಿಡಿಯುತ್ತಿದ್ದರೂ ಓದು ಮುಗಿಸಿ, ತನ್ನ ದ್ವೀಪಕ್ಕೆ ಹಿಂದಿರುಗಿ, 1916ರಲ್ಲಿ ತೀರಿಹೋಗುವ ತನಕ ದಂತವೈದ್ಯನಾಗಿ ಜನರಿಗೆ ಸೇವೆಮಾಡಿದನು. ಆಗ ಈ ರೋಗಕ್ಕೆ ಔಷಧವೇ ಇರಲಿಲ್ಲ. ಈಗ ನೋವಿನ ಸರದಿಯನ್ನು ತಗ್ಗಿಸುವ ಮಾತ್ರೆಗಳುಂಟು. ಆದದರಿಂದ ಇಂಥ ಮಕ್ಕಳನ್ನು ಪ್ರಯೋಜನವಿಲ್ಲದವರೆಂದು ಶಾಲೆಯಿಂದ ಬಿಡಿಸಬೇಡಿರಿ. ದೇಹದ ಒಂದು ಅಂಗ ನೊಂದರೆ ಮಿಕ್ಕ ಅಂಗಗಳೂ ನೋಯುವವೆಂದು ಅಪೊಸ್ತಲನಿಂದ ಕಲಿತ ನಾವು, ಅವರ ಭಾರದಲ್ಲಿ ನಮ್ಮ ಪಾಲನ್ನೂ ಹೊರೋಣ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಈ ರೋಗವು ತಂದೆತಾಯಿಗಳಿಬ್ಬರಿಂದಲೂ ಬರುವುದು ಹೇಗೆ?
2. ಹುಳುಕಿಲ್ಲದ ಹಲ್ಲು ನೋಯುವುದು ಯಾಕೆ?
3. ಯಾವ ಗುರುತುಗಳನ್ನು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?
4. ಉಪವಾಸದ ದಿನ ಇಂಥವರನ್ನು ನಮ್ಮ ಸಭೆಯು ಹೇಗೆ ನಡಿಸಿಕೊಳ್ಳತಕ್ಕದ್ದು?