ರೇಡಿಯೋ ಪಟ್ಟಿಯ ಅಂಕಿಗಳನ್ನು ಓದುವ ಬಗೆ



ಹೋದ ಸುಗ್ಗಿಯಲ್ಲಿ ಶಿಡ್ಲಘಟ್ಟದ ಕಡೆಯ ಹಿರಿಯ ರೈತರೊಬ್ಬರು ರಾಗಿ ಕೊಯ್ದು ಅರಿಯನ್ನು ಹೊಲದಲ್ಲೇ ಒಣಗಲು ಬಿಟ್ಟಿದ್ದರು. ಹವಾಮಾನದ ವರದಿ ಕೇಳಲೆಂದು, ಮಗ ಬರೆದುಕೊಟ್ಟ ಚೀಟಿ ನೋಡಿ ರೇಡಿಯೋ ತಿರುಗಿಸಿದರು. ಚೀಟಿಯಲ್ಲಿ "ಬೆಂಗಳೂರು, ಮೀಡಿಯಂ ವೇವ್, 612 ಕಿಲೋಹರ್ಟ್ಸ್, 490 ಮೀಟರ್, 200 ಕಿಲೋವ್ಯಾಟ್" ಎಂದಿತ್ತು. ರೇಡಿಯೋದ ಮೇಲಾದರೋ 6, 8, 10, 12 ಎಂದಷ್ಟೇ ಇತ್ತು. ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ, ನಿಲ್ದಾಣ ಸಿಗಲಿಲ್ಲ. ಮಾರನೆಯ ರಾತ್ರಿ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ತೆನೆ ಹೊಲದಲ್ಲೇ ಮೊಳೆಯಿತು.

ಒಂದೇ ನಿಲ್ದಾಣಕ್ಕೆ ಇಷ್ಟು ಅಂಕಿಗಳು ಏಕೆ? ಒಂದೊಂದಾಗಿ ನೋಡೋಣ.

1. ಕಿಲೋಹರ್ಟ್ಸ್: ರೇಡಿಯೋ ಅಲೆ ಒಂದು ಸೆಕೆಂಡಿಗೆ ಎಷ್ಟು ಸಾವಿರ ಸಾರಿ ಏರಿಳಿಯುತ್ತದೆ ಎಂಬ ಲೆಕ್ಕ ಇದು. ಹಳೆಯ ರೇಡಿಯೋಗಳಲ್ಲಿ 'ಕಿಲೋಸೈಕಲ್' ಎಂದಿರುತ್ತದೆ. ಎರಡೂ ಒಂದೇ. 1960ರಲ್ಲಿ 'ಹರ್ಟ್ಸ್' ಎಂಬ ಹೆಸರನ್ನು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡರು; ಹೆಸರು ಬದಲಾಯಿತೇ ಹೊರತು ಲೆಕ್ಕ ಬದಲಾಗಲಿಲ್ಲ. ರೇಡಿಯೋದ ಮೇಲೆ 6, 8, 10 ಎಂದಿದ್ದರೆ ಪಕ್ಕದಲ್ಲಿ ಸಣ್ಣದಾಗಿ '×100' ಎಂದಿದೆಯೇ ನೋಡಿ. ಇದ್ದರೆ 6 ಎಂದರೆ 600. 612 ಬೇಕಾದರೆ 6ನ್ನು ದಾಟಿ ಕೂದಲೆಳೆಯಷ್ಟು ಮುಂದೆ ಮುಳ್ಳನ್ನು ನಿಲ್ಲಿಸಬೇಕು.

2. ಮೀಟರ್: ಇದು ಅಲೆಯ ಉದ್ದ. 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. 612ರಿಂದ ಭಾಗಿಸಿದರೆ ಸುಮಾರು 490. ತಕ್ಕಡಿಯ ಎರಡು ತಟ್ಟೆಗಳಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ನಮ್ಮ ಗೌರಿಬಿದನೂರಿನ ಬಳಿ 1976ರಲ್ಲಿ ಕೆಲಸ ಆರಂಭಿಸಿದ ರೇಡಿಯೋ ದೂರದರ್ಶಕವು ಆಕಾಶದಿಂದ ಬರುವ ಅಲೆಗಳನ್ನು 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿ ಹೆಸರು ಪಡೆಯಿತು. ಆ ಅಲೆಯ ಉದ್ದ ಸುಮಾರು 8.7 ಮೀಟರ್. ವಿಜ್ಞಾನಿಗಳಿಗೂ ನಮಗೂ ಲೆಕ್ಕ ಒಂದೇ.

3. ಕಿಲೋವ್ಯಾಟ್: ಇದು ನಿಲ್ದಾಣದ ಬಲ, ಪಂಪ್‌ಸೆಟ್ಟಿಗೆ ಎಷ್ಟು ಎಚ್.ಪಿ. ಎನ್ನುವ ಹಾಗೆ. ಈ ಅಂಕಿ ನೋಡಿ ಮುಳ್ಳು ತಿರುಗಿಸಬಾರದು.

4. ಮೆಗಾಹರ್ಟ್ಸ್: ಸಾವಿರ ಕಿಲೋಹರ್ಟ್ಸ್ ಸೇರಿದರೆ ಒಂದು ಮೆಗಾಹರ್ಟ್ಸ್. ಎಫ್.ಎಂ. ನಿಲ್ದಾಣಗಳನ್ನು ಹೀಗೆ ಹೇಳುತ್ತಾರೆ. ಬೆಂಗಳೂರಿನ 101.3 ಮತ್ತು 102.9 ಇಂಥವು. ಇವುಗಳಿಗೆ ಮೊದಲು ಗುಂಡಿಯನ್ನು ಎಫ್.ಎಂ.ಗೆ ಬದಲಿಸಬೇಕು. ಎಫ್.ಎಂ. ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡದ ಮರೆಯ ಊರುಗಳಲ್ಲಿ ಕ್ಷೀಣವಾಗುತ್ತದೆ. ಮೀಡಿಯಂ ವೇವ್ ನೆಲವನ್ನು ಅನುಸರಿಸಿ ದೂರ ಹೋಗುತ್ತದೆ. ಒಂದು ಸಿಗದಿದ್ದರೆ ಇನ್ನೊಂದನ್ನು ಪ್ರಯತ್ನಿಸಿ.

5. ವೇಳೆ: ಪಟ್ಟಿಯಲ್ಲಿ 18-30 ಎಂದಿದ್ದರೆ 12 ಕಳೆಯಿರಿ, ಸಂಜೆ ಆರೂವರೆ ಎಂದು ತಿಳಿಯಿರಿ.

ಅಚ್ಚಿನ ತಪ್ಪು ಹಿಡಿಯಲು ಒಂದು ಉಪಾಯವುಂಟು. 1978ರಿಂದ ನಮ್ಮ ದೇಶದ ಮೀಡಿಯಂ ವೇವ್ ಅಂಕಿಗಳೆಲ್ಲ 9ರಿಂದ ಭಾಗವಾಗುತ್ತವೆ. ಅಂಕಿಗಳನ್ನು ಕೂಡಿಸಿ ನೋಡಿ: 612ಕ್ಕೆ 6, 1, 2 ಸೇರಿ 9, ಧಾರವಾಡದ 765ಕ್ಕೆ 18. ಪಟ್ಟಿಯಲ್ಲಿ 672 ಎಂದಿದ್ದರೆ ಮೊತ್ತ 15. ಅದು ತಪ್ಪೆಂದೇ ತಿಳಿಯಿರಿ. ಆದರೆ 621 ಎಂದು ಅಂಕಿ ಅದಲುಬದಲಾಗಿದ್ದರೆ ಈ ಉಪಾಯಕ್ಕೆ ಸಿಗದು.

ಇಂದೇ ಒಂದು ಕೆಲಸ ಮಾಡಿ. ನಿಮ್ಮ ನಿಲ್ದಾಣವನ್ನು ಹಗಲಿನಲ್ಲೇ ಹುಡುಕಿ, ಮುಳ್ಳು ನಿಂತ ಕಡೆ ಗಾಜಿನ ಮೇಲೆ ಸುಣ್ಣದ ಚುಕ್ಕೆಯಿಡಿ. ಕೊಯ್ಲಿಗೆ ಮುಂಚೆ, ಹುಳು ಹಣ್ಣಾಗುವ ಮುಂಚೆ, ಔಷಧಿ ಸಿಂಪಡಿಸುವ ಮುಂಚೆ ಹವಾಮಾನದ ವರದಿ ಕೇಳಿರಿ. ಕೇಳಿದ್ದನ್ನು ರೇಡಿಯೋ ಇಲ್ಲದ ನೆರೆಯವರಿಗೂ ತಿಳಿಸಿರಿ.